ದ್ವೀಪಕ್ಕೆ ಹೋಗಲು ಒಳ್ಳೆಯ ತಿಂಗಳು

ಮೂವತ್ತೊಂದು ವರ್ಷ ನಾನು ಮಾಡಿದ್ದು ಜನರಿಗೆ ಊರು ಬಿಡಿಸುವ ಕೆಲಸ. ಹೀಗೆಂದರೆ ಪುಂಡರನ್ನು ಗಡೀಪಾರು ಮಾಡುವ ಇಲಾಖೆ ಅಂದುಕೊಂಡೀರಿ. ಹಾಗಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಔಷಧಿ ಅಂಗಡಿಯ ಮಹಡಿಯ ಮೇಲೆ ಪುಟ್ಟ ಪ್ರವಾಸ ಕಚೇರಿ ಇತ್ತು. ಯಾರು ಎಲ್ಲಿಗೆ, ಯಾವಾಗ, ಯಾವುದರಲ್ಲಿ ಹೋಗಬೇಕು ಅಂತ ಗೊತ್ತುಮಾಡಿ, ಟಿಕೆಟ್ಟು ಕೈಗಿಟ್ಟು, ನೀರಿನ ಬಾಟಲಿ ಮರೀಬೇಡಿ ಅಂತ ಹೇಳಿ ಕಳಿಸುವುದು ಅಲ್ಲಿ ನನ್ನ ಕೆಲಸ. ಕಾಶಿಗೆ ಕಳಿಸಿದೆ, ಕಾಶ್ಮೀರಕ್ಕೆ ಕಳಿಸಿದೆ, ಅಂಡಮಾನಿಗೆ, ಲಕ್ಷದ್ವೀಪಕ್ಕೆ ಕಳಿಸಿದೆ. ನಾನು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

ಈಗ ನಿವೃತ್ತಿಯಾಗಿದೆ. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಫೋನ್ ಮಾಡುತ್ತಾರೆ. ಹೆಚ್ಚಿನವರು ಕೇಳುವುದು ಒಂದೇ: "ಗಿರಿಜಾ ಮೇಡಂ, ಐಲ್ಯಾಂಡ್ ಕ್ರೂಸ್‌ಗೆ ಬೆಸ್ಟ್ ಸೀಸನ್ ಯಾವ್ದು?" ಒಂದೇ ಸಾಲಿನ ಉತ್ತರ ಬೇಕಿದ್ದರೆ ಇಗೋ: ಲಕ್ಷದ್ವೀಪದ ಹಡಗಿಗೆ ಹೊಸ ವರ್ಷ ಕಳೆದ ಮೇಲೆ, ಮಾರ್ಚ್ ಅರ್ಧದ ಒಳಗೆ. ಇದು ಮೊಬೈಲಿನಲ್ಲೂ ಸಿಗುತ್ತದೆ. ಆದರೆ ನಾನು ಇದನ್ನು ಕಲಿಯಲು ಭದ್ರಾವತಿಯ ಒಬ್ಬ ಹೆಂಗಸಿನ ಕಣ್ಣನ್ನು ಪಣಕ್ಕಿಟ್ಟಿದ್ದೆ. ಅದಕ್ಕೇ ಒಂದು ಸಾಲಿನಲ್ಲಿ ಹೇಳಿ ಫೋನ್ ಇಡಲು ನನ್ನಿಂದ ಆಗುವುದಿಲ್ಲ. ಉದ್ದಕ್ಕೆ ಬರೆಯುತ್ತಿದ್ದೇನೆ, ಓದುವ ತಾಳ್ಮೆ ಇದ್ದವರು ಓದಿ.

ಮೊದಲು ಕಚೇರಿಯ ವಿಷಯ ಹೇಳಬೇಕು. ನನ್ನ ಮೇಜಿನ ಎದುರಿನ ಗೋಡೆಗೆ ಭೂಪಟವೊಂದಿತ್ತು. ಅರಬ್ಬೀ ಸಮುದ್ರದ ಮೇಲೆ ಲಕ್ಷದ್ವೀಪ ಯಾರೋ ಪೆನ್ನು ಕೊಡವಿದಾಗ ಬಿದ್ದ ಚುಕ್ಕಿಗಳಷ್ಟೇ ಕಾಣುತ್ತಿತ್ತು. ಮಧ್ಯಾಹ್ನ ಊಟವಾಗಿ ಗಿರಾಕಿಗಳಿಲ್ಲದ ಹೊತ್ತು ನಾನು ಆ ಚುಕ್ಕಿಗಳನ್ನೇ ನೋಡುತ್ತ ಕೂರುತ್ತಿದ್ದೆ. ಕೆಳಗೆ ರಸ್ತೆಯಲ್ಲಿ ಸಿಟಿ ಬಸ್ಸಿನ ಕಂಡಕ್ಟರು "ಗೋಪಾಳ, ಗೋಪಾಳ" ಅಂತ ಕೂಗುತ್ತಿದ್ದರೆ, ನನಗದು ಎಲ್ಲೋ ದೂರದ ದಡದಲ್ಲಿ ಯಾರೋ ಯಾರನ್ನೋ ಕರೆದ ಹಾಗೆ ಕೇಳುತ್ತಿತ್ತು. ಫ್ಯಾನಿನ ಗಾಳಿಗೆ ಭೂಪಟದ ಕೆಳಗಿನ ಅಂಚು ಮೇಲೇಳುತ್ತಿತ್ತು, ಇಳಿಯುತ್ತಿತ್ತು. ಅಷ್ಟು ವರ್ಷ ನಾನು ಕಂಡ ಅಲೆ ಅದೊಂದೇ. ಯಾಕೆ ಹೋಗಲಿಲ್ಲ ಅಂತ ಕೇಳಬೇಡಿ. ಸಮುದ್ರಕ್ಕೆ ಯಾವುದು ಒಳ್ಳೆಯ ತಿಂಗಳೋ ಅದೇ ತಿಂಗಳು ನಮ್ಮ ಕಚೇರಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ರಜೆ ಸಿಗುತ್ತಿದ್ದುದು ಜೋರು ಮಳೆಗಾಲದಲ್ಲಿ, ಆಗ ಹಡಗೇ ಇಲ್ಲ.

ಕಚೇರಿಯ ಯಜಮಾನರು ಗೋವಿಂದರಾಯರು. ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ಸಿಲ್, ಮೇಜಿನ ಮೇಲೆ ಸದಾ ತೆರೆದಿಟ್ಟ ಪಂಚಾಂಗ. ಕೆಟ್ಟವರಲ್ಲ, ಆದರೆ ತಾವು ಹೇಳಿದ್ದೇ ಆಗಬೇಕು. ಪ್ರತಿ ವರ್ಷ ಯುಗಾದಿಗೆ ಒಂದು ದೊಡ್ಡ ಡ್ರಾಯಿಂಗ್ ಹಾಳೆಯ ಮೇಲೆ ಇಡೀ ವರ್ಷದ ಪ್ರವಾಸದ ಪಟ್ಟಿ ಬರೆದು ಗೋಡೆಗೆ ಅಂಟಿಸುತ್ತಿದ್ದರು. ಅದರಲ್ಲಿ ತಿಂಗಳ ಹೆಸರುಗಳಿಗಿಂತ ಮಳೆ ನಕ್ಷತ್ರಗಳ ಹೆಸರೇ ಜಾಸ್ತಿ. ಮೃಗಶಿರಾ ಹಿಡಿಯುವುದರೊಳಗೆ ಬದರಿಯವರು ವಾಪಸು ಬಂದಿರಬೇಕು. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ನಡೆಯುವಾಗ ಯಾರನ್ನೂ ಘಟ್ಟ ಇಳಿಸಬಾರದು. ಹಸ್ತ, ಚಿತ್ತಾ ಬಂದರೆ ಮೈಸೂರು. ಸ್ವಾತಿ ಮಳೆ ಕಳೆಯಿತೋ, ಆಕಾಶ ತೊಳೆದಿಟ್ಟ ಹಾಗೆ, ಯಾರು ಎಲ್ಲಿಗಾದರೂ ಹೋಗಬಹುದು. ಧನುರ್ಮಾಸದ ಚೌಕ ಮಾತ್ರ ಖಾಲಿ. ಆ ತಿಂಗಳು ಶುಭಕಾರ್ಯವಿಲ್ಲ, ಹಾಗಾಗಿ ಪ್ರವಾಸವೂ ಇಲ್ಲ.

ನೀವು ನಗಬಹುದು. ನಮ್ಮ ಗಿರಾಕಿಗಳ ಲೆಕ್ಕವೂ ಅದೇ ಆಗಿತ್ತು ಅನ್ನುವುದನ್ನು ಮರೆಯಬೇಡಿ. ಸೀಸನ್ ಅನ್ನುವ ಮಾತಿಗೆ ನಮ್ಮೂರಲ್ಲಿ ಹತ್ತು ಅರ್ಥ. ಒಮ್ಮೆ ಆಯನೂರಿನಿಂದ ಒಬ್ಬ ಹಿರಿಯರು ಬಂದರು. ಲಕ್ಷದ್ವೀಪಕ್ಕೆ ಸೀಸನ್ನಿನಲ್ಲೇ ಹೋಗಿ ಯಜಮಾನರೇ, ಸ್ವಾತಿ ಕಳೆದ ಮೇಲೆ ನವೆಂಬರ್ ಅಂದೆ. ಅವರು ನನ್ನನ್ನು ತಲೆ ಕೆಟ್ಟವಳು ಅನ್ನುವ ಹಾಗೆ ನೋಡಿ, "ಏನು ಮಾರಾಯ್ತಿ ನೀನು, ಸೀಸನ್ನಲ್ಲಿ ಯಾರಾದ್ರೂ ಊರು ಬಿಡ್ತಾರಾ? ಕೊನೆಗಾರ ಮರ ಹತ್ತೋ ಹೊತ್ತಿಗೆ ನಾನು ಹಡಗು ಹತ್ಲಾ?" ಅಂದರು. ಅವರಿಗೆ ಸೀಸನ್ ಅಂದರೆ ಅಡಿಕೆ ಕೊಯ್ಲು. ಕಲ್ಯಾಣ ಮಂಟಪದವರಿಗೆ ಅದು ಮದುವೆ. ಹಡಗಿನ ಕಚೇರಿಯವರಿಗೆ ದರ ಏರುವ ಕಾಲ. ಗಿರಾಕಿ ಸೀಸನ್ ಅಂದರೆ ಯಾವ ಸೀಸನ್ ಅಂತ ಕೇಳಿಕೊಳ್ಳಿ, ಆಮೇಲೆ ಬಾಯಿ ಬಿಡಿ.

ಇನ್ನೊಮ್ಮೆ ಹೊಸದಾಗಿ ಮದುವೆಯಾದ ಜೋಡಿ ಬಂತು. ಆಷಾಢಕ್ಕೆ ಇನ್ನು ಎಂಟೇ ದಿನ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು, ಹುಡುಗ ಮೇಜಿನ ಮೇಲೆ ಬಾಗಿ ಗುಟ್ಟಿನಲ್ಲಿ ಕೇಳಿದ: "ಮೇಡಂ, ಆಷಾಢದಲ್ಲಿ ಇವಳನ್ನ ತವರಿಗೆ ಕಳಿಸ್ತಾರಂತೆ. ಸಮುದ್ರದ ಮಧ್ಯ ಇದ್ರೆ ಆಷಾಢ ಲೆಕ್ಕಕ್ಕೆ ಬರಲ್ಲ ಅಲ್ವಾ?" ಪಾಪ, ಆ ತಿಂಗಳು ದ್ವೀಪದ ಕಡೆಗೆ ಪ್ರವಾಸಿ ಹಡಗೇ ಹೊರಡುವುದಿಲ್ಲ ಅಂತ ಹೇಳಬೇಕಾಯಿತು. ಸಮುದ್ರಕ್ಕೂ ಆಷಾಢವೇ ಕಣಪ್ಪ ಅಂದೆ. ಆ ಹುಡುಗಿ ಆಗ ಮೊದಲ ಸಲ ತಲೆಯೆತ್ತಿ ನಕ್ಕಳು. ಇಬ್ಬರೂ ಶ್ರಾವಣದಲ್ಲಿ ಬಂದು ಊಟಿಗೆ ಟಿಕೆಟ್ ಮಾಡಿಸಿಕೊಂಡು ಹೋದರು.

ಇಂಥವುಗಳಲ್ಲಿ ವರ್ಷಗಳು ಹೋದವು. ನಾನು ರಾಯರ ಪಟ್ಟಿಯನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಅದು ತಪ್ಪಬಹುದು ಅನ್ನುವ ಯೋಚನೆಯೇ ಬಂದಿರಲಿಲ್ಲ.

ಒಂದು ದಿನ ಬೆಳಿಗ್ಗೆ ಮೆಟ್ಟಿಲು ಹತ್ತಿ ಗಂಡ ಹೆಂಡತಿ ಬಂದರು. ಒಳಗೆ ಬರುವಾಗ ಹೆಂಗಸಿನ ಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಅವರು ಭುಜ ಉಜ್ಜಿಕೊಂಡು, "ನಿಮ್ಮ ಬಾಗಿಲು ಸ್ವಲ್ಪ ಈಚೆಗಿದೆ ಅಕ್ಕ" ಅಂತ ನಕ್ಕರು. ಗಂಡ ಕುರ್ಚಿ ಸರಿಸಿ ಅವರನ್ನು ಕೂರಿಸಿ, ತಾವು ನಿಂತೇ ಕೇಳಿದರು: "ಮೇಡಂ, ಐಲ್ಯಾಂಡ್ ಇದೆಯಾ?"

ಅಂಗಡಿಯಲ್ಲಿ ಉಪ್ಪು ಇದೆಯಾ ಅಂತ ಕೇಳಿದ ಹಾಗಿತ್ತು. ನನಗೂ ತಮಾಷೆ ಮಾಡುವ ಮನಸ್ಸಾಯಿತು. "ಇದೆ, ಎಷ್ಟು ದೊಡ್ಡದು ಬೇಕು?" ಅಂದೆ.

ಹೆಂಗಸು ಥಟ್ಟನೆ ಹೇಳಿದರು: "ಸಣ್ಣದು ಅಕ್ಕ. ಒಂದೇ ಜಾಗದಲ್ಲಿ ನಿಂತ್ರೆ ನಾಲ್ಕೂ ಕಡೆ ನೀರು ಕಾಣ್ಬೇಕು. ಅಷ್ಟು ಸಣ್ಣದು."

ಅವರು ಭದ್ರಾವತಿಯ ಮುರುಗೇಶಣ್ಣ, ಸರೋಜಮ್ಮ. ಮುರುಗೇಶಣ್ಣ ಕಬ್ಬಿಣದ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ. ಸರೋಜಮ್ಮನ ಕಣ್ಣಿನ ನರ ಸೊರಗುತ್ತಿತ್ತು. ನೇರಕ್ಕೆ ಇದ್ದದ್ದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ, ನೋಟದ ಅಂಚು ದಿನದಿನಕ್ಕೆ ಒಳಗೆ ಸರಿಯುತ್ತ ಬರುತ್ತಿದೆ. "ಒಲೆ ಊದೋ ಕೊಳವೆಯಲ್ಲಿ ಕಣ್ಣಿಟ್ಟು ನೋಡಿದಂಗೆ ಅಕ್ಕ, ಕೊಳವೆ ಸಣ್ಣ ಆಗ್ತಾ ಇದೆ" ಅಂದರು ಸರೋಜಮ್ಮ. ಮುಂದಿನ ವರ್ಷವೂ ಇಷ್ಟೇ ಕಾಣುತ್ತದೆ ಅಂತ ಹೇಳಲಾಗದು, ನೋಡಬೇಕಾದ್ದು ಏನಾದರೂ ಇದ್ದರೆ ಈಗಲೇ ನೋಡಿಬಿಡಿ ಅಂದಿದ್ದರಂತೆ ಡಾಕ್ಟರು.

"ಬೆಂಕಿ ಮುಂದೆ ನಿಂತೋನು ನಾನು ಮೇಡಂ. ಕಣ್ಣು ಹೋಗ್ತಿರೋದು ಇವಳದ್ದು" ಅಂದರು ಮುರುಗೇಶಣ್ಣ. ಹೇಳಿ, ಗೋಡೆಯ ಭೂಪಟದ ಕಡೆ ತಿರುಗಿ ನಿಂತರು.

ದ್ವೀಪವೇ ಯಾಕೆ ಅಂತ ಕೇಳಿದೆ. ಸರೋಜಮ್ಮ ಶಾಲೆಯ ಕಥೆ ಹೇಳಿದರು. ಐದನೇ ಕ್ಲಾಸಿನಲ್ಲಿ ಇನ್‌ಸ್ಪೆಕ್ಟರು ಬಂದು ದ್ವೀಪ ಎಂದರೇನು ಅಂತ ಕೇಳಿದರಂತೆ. ಇವರು ಎದ್ದು ನಿಂತು, ಉರುಹೊಡೆದದ್ದನ್ನು ಒಂದೇ ಉಸಿರಿಗೆ ಹೇಳಿದರು: "ಸುತ್ತಲೂ ನೀರಿನಿಂದ ಆವೃತವಾದ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ." ಭೇಷ್, ಆವೃತ ಅಂದರೆ ಏನು ಅಂತ ಇನ್‌ಸ್ಪೆಕ್ಟರು ಮತ್ತೆ ಕೇಳಿದರು. ಮನೆಯಲ್ಲಿ ತಮಿಳು ಮಾತಾಡುವ ಹುಡುಗಿಗೆ ಆ ಮಾತಿನ ಅರ್ಥ ಎಲ್ಲಿಂದ ಗೊತ್ತಾಗಬೇಕು? ಇಡೀ ಕ್ಲಾಸು ನಕ್ಕಿತು. ಟೀಚರು ಮಾತ್ರ ನಗದೆ, "ಒಂದಿನ ನೋಡ್ದಾಗ ಅರ್ಥ ಆಗುತ್ತೆ, ಕೂತ್ಕೋ" ಅಂದರಂತೆ.

"ಆವತ್ತು ಕೂತೋಳು ಇವತ್ತಿಗೂ ಕೂತೇ ಇದೀನಿ ಅಕ್ಕ. ಕಣ್ಣು ಮುಚ್ಚೋದ್ರೊಳಗೆ ಅದೊಂದು ಅರ್ಥ ಮಾಡ್ಕೊಂಬಿಡ್ಬೇಕು" ಅಂದು ಮತ್ತೆ ನಕ್ಕರು. ಆ ನಗು ನನ್ನ ಎದೆಯೊಳಗೆ ಇಳಿದು ಕೂತಿತು. ಹೇಗಾದರೂ ಇವರನ್ನು ಬೇಗ ಕಳಿಸಬೇಕು ಅನ್ನಿಸಿತು. ಆ ಬೇಗ ಅನ್ನುವುದೇ ನನ್ನ ಕಣ್ಣಿಗೆ ಬಟ್ಟೆ ಕಟ್ಟಿತು.

ಆಗ ಚಿತ್ತಾ ಮಳೆ ನಡೆಯುತ್ತಿತ್ತು. ನಾನು ಗೋಡೆಯ ಪಟ್ಟಿ ನೋಡಿ, ಬೆರಳು ಮಡಚಿ ಎಣಿಸಿ, ಸ್ವಾತಿ ಕಳೀಲಿ, ದೀಪಾವಳಿ ಮುಗಿಸಿಕೊಂಡು ಹೊರಡಿ ಅಂದೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಐದು ದಿನದ ಹಡಗು. ಹಡಗು ದ್ವೀಪದಿಂದ ಸ್ವಲ್ಪ ದೂರ ನಿಲ್ಲುತ್ತದೆ, ಅಲ್ಲಿಂದ ಸಣ್ಣ ದೋಣಿಗೆ ಇಳಿಸಿ ಕರೆದುಕೊಂಡು ಹೋಗುತ್ತಾರೆ, ಸಂಜೆ ಹಡಗಿಗೆ ವಾಪಸು. ರಾಯರೂ ಬಂದು ನೋಡಿ, "ಸ್ವಾತಿ ಆದ್ಮೇಲೆ ತಾನೆ, ಭಯ ಇಲ್ಲ, ಮಾಡಿ ಗಿರಿಜಮ್ಮ" ಅಂದರು.

ಆ ದ್ವೀಪಗಳಿಗೆ ಹೋಗಲು ಅನುಮತಿ ಬೇಕು. ಅದಕ್ಕೆ ಊರಿನ ಪೊಲೀಸ್ ಠಾಣೆಯಿಂದ, ಇವರ ಮೇಲೆ ಯಾವ ಕೇಸೂ ಇಲ್ಲ ಅಂತ ಪತ್ರ ತರಬೇಕು. ಮುರುಗೇಶಣ್ಣ ಹುಟ್ಟಿದ ಮೇಲೆ ಠಾಣೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಮಡಚಿದ ಪಂಚೆ, ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು ಬೇರೆ. ಬರೆಯುವ ಪೇದೆ, "ಯಾರು ಒಳಗಿರೋದು? ಯಾರಿಗೆ ಹಣ್ಣು?" ಅಂದರಂತೆ. ಯಾರೂ ಒಳಗಿಲ್ಲ ಸಾರ್, ನಾವೇ ಹೊರಗೆ ಹೋಗ್ಬೇಕು, ನಾವು ಒಳ್ಳೆಯವರು ಅಂತ ಬರ್ಕೊಡಿ ಅಂದರಂತೆ ಇವರು. ಠಾಣೆಯಲ್ಲಿ ಎಲ್ಲರೂ ನಕ್ಕು, ಹಣ್ಣನ್ನು ಅವರ ಕೈಗೇ ವಾಪಸು ಕೊಟ್ಟು, ಪತ್ರ ಬರೆದುಕೊಟ್ಟರು. ಮುರುಗೇಶಣ್ಣ ಆ ಪತ್ರ ತಂದು ನನ್ನ ಮುಂದಿಟ್ಟಾಗ ಪರೀಕ್ಷೆ ಪಾಸಾದವರ ಮುಖ ಅವರದು.

ದೀಪಾವಳಿ ಕಳೆದು ಹೊರಟರು. ಶಿವಮೊಗ್ಗದಲ್ಲಿ ಆ ದಿನಗಳು ಎಷ್ಟು ಚಂದ ಇದ್ದವು ಅಂದರೆ, ಆಕಾಶ ನೋಡುತ್ತಲೇ ನನಗೆ ಹೆಮ್ಮೆಯಾಗುತ್ತಿತ್ತು. ತುಂಗೆಯ ಸೇತುವೆಯ ಮೇಲೆ ನಿಂತು, ಎಳೆ ಬಿಸಿಲು ನೀರಿನ ಮೇಲೆ ಹಾಸಿರುವುದನ್ನು ನೋಡಿ, ಈಗ ಅವರು ಅಲ್ಲಿ ಇಂಥದೇ ಬಿಸಿಲಲ್ಲಿ ಮರಳಿನ ಮೇಲೆ ನಡೆಯುತ್ತಿರುತ್ತಾರೆ ಅಂದುಕೊಂಡೆ.

ಅವರು ನಡೆಯುತ್ತಿರಲಿಲ್ಲ. ನಮ್ಮ ಮಳೆ ಮುಗಿದಿತ್ತು, ಸಮುದ್ರದ್ದು ಮುಗಿದಿರಲಿಲ್ಲ. ಎಲ್ಲೋ ವಾಯುಭಾರ ಕುಸಿದು ಗಾಳಿ ಎದ್ದಿತ್ತು. ಹಡಗು ಮೂರು ದ್ವೀಪಗಳ ಹತ್ತಿರ ಹೋಯಿತು, ಮೂರು ಕಡೆಯೂ ಅಲೆಯ ಹೊಡೆತಕ್ಕೆ ಸಣ್ಣ ದೋಣಿಗೆ ಜನರನ್ನು ಇಳಿಸಲು ಆಗಲಿಲ್ಲ. ಡೆಕ್ಕಿನ ಮೇಲಿನಿಂದ ನೋಡಿ ವಾಪಸು ಬಂದರು.

ಮತ್ತೆ ನಮ್ಮ ಮೆಟ್ಟಿಲು ಹತ್ತಿ ಬಂದಾಗ ಸರೋಜಮ್ಮ ಚೌಕಟ್ಟಿಗೆ ತಾಗದಂತೆ ಕೈ ಮುಂದೆ ಚಾಚಿಕೊಂಡೇ ಬಂದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಹಸಿರು ದಾರ ಎಳೆದಂಗಿತ್ತಂತೆ ಅಕ್ಕ. ಇವ್ರು ತೋರಿಸ್ತಾನೇ ಇದ್ರು, ಅಗೋ ಅಲ್ಲಿ, ಅಗೋ ಅಲ್ಲಿ ಅಂತ. ನನ್ನ ಕೊಳವೆ ಒಳಗೆ ಅದು ಬರೋಷ್ಟ್ರಲ್ಲಿ ಹಡಗು ಆ ಕಡೆ ಓಲಾಡೋದು. ಬಂತು ಅನ್ನೋಷ್ಟ್ರಲ್ಲಿ ತಿರುಗ್ಬಿಡ್ತು" ಅಂದರು. ಅಂದು, ತಂದಿದ್ದ ಒಂದು ಪೊಟ್ಟಣ ನೇಂದ್ರ ಚಿಪ್ಸನ್ನು ನನ್ನ ಮೇಜಿನ ಮೇಲಿಟ್ಟರು.

ನನಗೆ ನಾಚಿಕೆಯಾಯಿತು. ಅಂಥ ನಾಚಿಕೆ ಹಿಂದೆಂದೂ ಆಗಿರಲಿಲ್ಲ. ರೈಲು ತಪ್ಪಿಸಿದ್ದೇನೆ, ಹೆಸರು ತಪ್ಪು ಬರೆದು ಜನರನ್ನು ನಿಲ್ದಾಣದಲ್ಲಿ ಅಲೆಸಿದ್ದೇನೆ, ಅವೆಲ್ಲ ಮಾರನೇ ದಿನ ಸರಿಹೋಗುತ್ತವೆ. ಇವರ ಮಾರನೇ ದಿನವನ್ನೇ ನಾನು ಕಳೆದುಹಾಕಿದ್ದೆ. ಅವರು ಹೋದ ಮೇಲೆ ರಾಯರು, "ಏನ್ ಮಾಡೋಕಾಗುತ್ತೆ ಗಿರಿಜಮ್ಮ, ಈ ಸಲ ಸ್ವಾತಿ ಕೈಕೊಡ್ತು" ಅಂದರು. ಸ್ವಾತಿ ಏನು ಮಾಡೀತು? ನಮ್ಮ ಹೊಲಗದ್ದೆಗೆ ಹೇಳಿದ ಲೆಕ್ಕವನ್ನು ಎತ್ತಿಕೊಂಡು ಹೋಗಿ ಸಮುದ್ರಕ್ಕೆ ಹಚ್ಚಿದ್ದು ನಾವು. ಇಂಥ ತಪ್ಪನ್ನು ಮಳೆ ನಕ್ಷತ್ರ ಎಣಿಸಿ ಬದುಕುವ ನಮ್ಮಂಥವರು ಮಾತ್ರ ಮಾಡಲು ಸಾಧ್ಯ.

ಆ ದಿನವೇ ಫೋನ್ ಹಿಡಿದು ಕೂತೆ. ಹಡಗಿನ ಕಚೇರಿಯನ್ನು ಕೇಳಲಿಲ್ಲ, ಅವರು ಟಿಕೆಟ್ ಇದೆಯೋ ಇಲ್ಲವೋ ಅಷ್ಟೇ ಹೇಳುತ್ತಾರೆ. ಮಂಗಳೂರಿನ ಹಳೇ ಬಂದರಿನಲ್ಲಿ ಯಾರು ಯಾರನ್ನೋ ಹಿಡಿದು, ಕೊನೆಗೆ ಹಸನಬ್ಬ ಅನ್ನುವ ತಂಡೇಲರು ಸಿಕ್ಕಿದರು. ತಂಡೇಲ ಅಂದರೆ ಮಂಜಿಯ ಮುಖ್ಯಸ್ಥ. ಮಂಜಿ ಅನ್ನುವುದು ಈರುಳ್ಳಿ, ತರಕಾರಿ, ಸಿಮೆಂಟು ತುಂಬಿಕೊಂಡು ದ್ವೀಪಗಳಿಗೆ ಹೋಗುವ ಮರದ ಹಡಗು. ಆ ನೀರಿನ ಮೇಲೆಯೇ ತಲೆ ಹಣ್ಣಾಗಿದ್ದ ಮನುಷ್ಯ. ನಾನು ಮಳೆ ಯಾವಾಗ ನಿಲ್ಲುತ್ತದೆ ಅಂತ ಕೇಳಿದೆ.

"ಎಂತ ಮೇಡಂ, ಮಳೆ ಬಂದ್ರೆ ಹಡಗು ಒದ್ದೆ ಆಗ್ತದೆ, ಅಷ್ಟೇ ಅಲ್ವಾ?" ಅಂತ ನಕ್ಕರು ಅವರು. "ನೀವು ಗಾಳಿ ಕೇಳ್ಬೇಕು. ದೊಡ್ಡ ಹಡಗು ಹೇಗೂ ಹೋಗ್ತದೆ. ಅದ್ರಿಂದ ಸಣ್ಣ ದೋಣಿಗೆ ಇಳೀಲಿಕ್ಕೆ ಉಂಟಲ್ಲ, ಅದು ಗಾಳಿ ಇದ್ರೆ ಆಗುದಿಲ್ಲ. ನಿಮ್ಮ ಕಡೆ ಮಳೆ ಮುಗೀತಾ? ಆಚೆ ಕಡೆದ್ದು ಆಗ ಶುರು ಆಗುದು."

ನಾನು ಸರೋಜಮ್ಮನ ಕಣ್ಣಿನ ವಿಷಯ ಹೇಳಿದೆ. ಡಿಸೆಂಬರ್ ಮೊದಲ ವಾರಕ್ಕೇ ಬರ್ತ್ ಸಿಗುತ್ತದೆ, ಕಳಿಸಿಬಿಡಲೇ ಅಂದೆ. ಆ ಕಡೆಯಿಂದ ಬಂದರಿನ ಕಾಗೆಗಳ ಕೂಗು ಕೇಳುತ್ತಿತ್ತು.

"ಬೇಡ. ಹೊಸ ವರ್ಷ ಕಳೀಲಿ. ಮತ್ತೆ ನೀರು ನಿಲ್ತದೆ ನೋಡಿ, ಹರಿವಾಣದಲ್ಲಿ ಹೊಯ್ದು ಇಟ್ಟ ಹಾಗೆ. ಆ ತಾಯಿಯ ಹತ್ರ ಹೇಳಿ, ಒಂದು ತಿಂಗಳು ಕಣ್ಣನ್ನು ಹಿಡಿದು ಇಟ್ಕೊಳ್ಳಿ ಅಂತ."

ಒಂದು ತಿಂಗಳು ಕಣ್ಣನ್ನು ಹಿಡಿದಿಟ್ಟುಕೊಳ್ಳಿ ಅಂತ ಒಬ್ಬರಿಗೆ ಹೇಗೆ ಹೇಳುವುದು? ಬೇಗ ಕಳಿಸಿದರೆ ಗಾಳಿ, ತಡ ಮಾಡಿದರೆ ಕಣ್ಣು. ಆ ಮನುಷ್ಯನ ದನಿಯಲ್ಲಿ ಏನೋ ಭರವಸೆಯಿತ್ತು, ಅದನ್ನೇ ನಂಬಿದೆ. ಹೊಸ ವರ್ಷದ ಗದ್ದಲ ಮುಗಿದು ಸಂಕ್ರಾಂತಿಗೆ ಮೊದಲು ಹೊರಡುವ ಹಡಗಿನಲ್ಲಿ ಎರಡೇ ಎರಡು ಬರ್ತ್ ಖಾಲಿ ಇದ್ದವು. ಕಾದಿರಿಸಲು ಹೋದಾಗ ರಾಯರು ಅಡ್ಡ ಬಂದರು.

"ಧನುರ್ಮಾಸ ಗಿರಿಜಮ್ಮ! ಒಂದ್ಸಲ ಕೆಟ್ಟಿದ್ದು ಸಾಲದಾ? ಆ ತಿಂಗಳಲ್ಲಿ ನಮ್ಮ ಕಚೇರಿಯಿಂದ ಇವತ್ತಿನವರೆಗೆ ಯಾರೂ ಹೊರಟಿಲ್ಲ. ಸಂಕ್ರಾಂತಿ ಕಳೀಲಿ."

"ಸಂಕ್ರಾಂತಿ ಕಳೆದ್ರೆ ಮಾರ್ಚ್‌ವರೆಗೆ ಬರ್ತ್ ಇಲ್ಲ ಸಾರ್."

"ಇಲ್ದಿದ್ರೆ ಇಲ್ಲ. ಅಪಶಕುನಕ್ಕೆ ನಾನು ಜವಾಬ್ದಾರಿ ಹೊರಲ್ಲ."

ನಾನು ಅವರೆದುರು ದನಿ ಎತ್ತಿದವಳಲ್ಲ. ಆ ದಿನವೂ ಎತ್ತಲಿಲ್ಲ. ಅವರೆದುರಿಗೇ ಭದ್ರಾವತಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಧನುರ್ಮಾಸದಲ್ಲಿ ಹೊರಡಬೇಕಾಗುತ್ತೆ, ನಿಮಗೆ ಆಗಬಹುದಾ ಅಂತ ಕೇಳಿದೆ. ಸರೋಜಮ್ಮನಿಗೆ ಆ ಹೆಸರು ಗೊತ್ತಾಗಲಿಲ್ಲ. ಗಂಡನನ್ನು ಕೇಳಿದರು. ಆಮೇಲೆ ಫೋನಿನಲ್ಲಿ ಅವರ ದನಿ ಹಿಗ್ಗಿತು: "ಅಯ್ಯೋ ಮಾರ್ಗಳಿ ಅನ್ನಿ ಅಕ್ಕ! ನಮಗೆ ಅದು ದೇವರ ತಿಂಗಳು. ಬೆಳಿಗ್ಗೆದ್ದು ಬಾಗಿಲಲ್ಲಿ ಕೋಲ ಹಾಕ್ತೀವಿ, ನಿಮ್ಮ ರಂಗೋಲಿ ಥರ, ಪೊಂಗಲ್ ಮಾಡ್ತೀವಿ. ಅದಕ್ಕಿಂತ ಒಳ್ಳೆ ತಿಂಗಳು ಬೇಕಾ?"

ನಾನು ರಾಯರ ಮುಖ ನೋಡಿದೆ. ಅವರು ಪಂಚಾಂಗದ ಹಾಳೆ ಎರಡು ಸಲ ತಿರುವಿದರು. ಅದೇ ತಿಂಗಳು, ಅದೇ ಸೂರ್ಯ, ಹೆಸರು ಬೇರೆ. "ಅವರವರ ದೇವರು ಅವರವರಿಗೆ. ಮಾಡಿ" ಅಂದು ಕನ್ನಡಕ ಒರೆಸುತ್ತ ಕೂತರು.

ಅವರು ಹೊರಟ ಮೇಲಿನ ದಿನಗಳು ನನಗೆ ಸರಿಯಾಗಿ ನೆನಪಿಲ್ಲ. ಧನುರ್ಮಾಸದ ಕಚೇರಿ ಅಂದರೆ ಮೌನ. ಗಿರಾಕಿಗಳಿಲ್ಲ, ಸಂಕ್ರಾಂತಿ ನಂತರದ ಪ್ರವಾಸಗಳ ಕಾಗದಪತ್ರದ ಕೆಲಸ ಮಾತ್ರ. ಕಿಟಕಿಯಿಂದ ಬಂದ ಬಿಸಿಲು ನೆಲದ ಮೇಲೆ ಸರಿಯುತ್ತ, ಮೇಜು ಹತ್ತಿ, ಭೂಪಟದ ನೀಲಿಗೆ ತಾಗಿ, ಮತ್ತೆ ಇಳಿದುಹೋಗುತ್ತಿತ್ತು. ನಾನು ಆ ಚುಕ್ಕಿಗಳ ಮೇಲೆ ಬೆರಳಿಟ್ಟು, ಈಗ ಇಲ್ಲಿ, ಈಗ ಇಲ್ಲಿ ಅಂದುಕೊಳ್ಳುತ್ತಿದ್ದೆ. ಬೆರಳು ಎತ್ತಿದರೆ ಅವರ ದೋಣಿ ಮಗುಚಿ ಹೋದೀತು ಅನ್ನುವಷ್ಟು ಹುಚ್ಚು.

ಆರನೇ ದಿನ ಬೆಳಿಗ್ಗೆ ಕೊಚ್ಚಿಯಲ್ಲಿ ಹಡಗಿಳಿದು ಮುರುಗೇಶಣ್ಣ ಫೋನ್ ಮಾಡಿದರು. ಮೊದಲು ಬರೀ ಉಸಿರು ಕೇಳಿಸಿತು.

"ಕಂಡ್ತು ಮೇಡಂ" ಅಂದರು. "ದೊಡ್ಡ ದ್ವೀಪದಿಂದ ದೋಣಿಯಲ್ಲಿ ಒಂದು ಸಣ್ಣ ದ್ವೀಪಕ್ಕೆ ಕರ್ಕೊಂಡು ಹೋದ್ರು. ಭುಜ ಹಿಡಿದು ನಿಧಾನಕ್ಕೆ ತಿರುಗಿಸ್ದೆ. ಒಂದ್ಸಲ ಸಾಲ್ದು ಅಂದ್ಲು. ಮೂರು ಸುತ್ತು ತಿರುಗಿದ್ಲು. ಅಲ್ಲಿದ್ದೋರು ಇವ್ರು ಏನೋ ಪ್ರದಕ್ಷಿಣೆ ಹಾಕ್ತಿದಾರೆ ಅಂದ್ಕೊಂಡು ದೂರ ನಿಂತು ಕೈ ಮುಗಿದ್ರು."

ಫೋನಿಟ್ಟು ಅತ್ತುಬಿಟ್ಟೆ. ಸ್ಪೀಕರಿನಲ್ಲಿ ಎಲ್ಲ ಕೇಳಿಸಿಕೊಂಡಿದ್ದ ರಾಯರು ಎದ್ದು, ಕಿಸೆಯಿಂದ ಪೆನ್ಸಿಲ್ ತೆಗೆದು, ಗೋಡೆಯ ಪಟ್ಟಿಯಲ್ಲಿ ಅಷ್ಟು ವರ್ಷ ಖಾಲಿ ಬಿಟ್ಟಿದ್ದ ಚೌಕದೊಳಗೆ ಎರಡು ಮಾತು ಬರೆದರು: ಮಾರ್ಗಳಿ, ದ್ವೀಪ. ಆಮೇಲೆ ಪ್ರತಿ ಯುಗಾದಿಗೆ ಪಟ್ಟಿ ಹೊಸದಾಗಿ ಬರೆದಾಗಲೂ ಆ ಎರಡು ಮಾತು ಅಲ್ಲಿಯೇ ಇದ್ದವು. ಅದು ಅವರ ರೀತಿಯ ಕ್ಷಮೆ ಅಂತ ನಾನು ತಿಳಿದುಕೊಂಡೆ.

ಆಮೇಲೆ ಕೆಲಸದ ರೀತಿಯೇ ಬದಲಾಯಿತು. ಬ್ಯಾಂಕ್ ಡಿಡಿ, ಅಂಚೆ, ಟ್ರಂಕ್ ಕಾಲ್ ಕಾಲದಿಂದ ಶುರು ಮಾಡಿದವಳು ಮೊಬೈಲಿನಲ್ಲಿ ಗಾಳಿಯ ನಕ್ಷೆ ನೋಡುವವರೆಗೆ ಬಂದೆ. ಆ ನಕ್ಷೆಯಲ್ಲಿ ಗಾಳಿ ಬಣ್ಣ ಬಣ್ಣದ ಎಳೆಗಳಾಗಿ ಹರಿಯುತ್ತದೆ, ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ನೀವು ಅದನ್ನು ನೋಡಿ, ಒಳ್ಳೆಯದೇ. ಆದರೂ ಬಂದರಿನಲ್ಲಿರುವ ಒಬ್ಬರ ನಂಬರು ಇಟ್ಟುಕೊಂಡಿರಿ. ತಿಂಗಳು ಹೇಳುವ ಮೊದಲು, ಹೋಗುವವರು ಏನು ನೋಡಲು ಹೋಗುತ್ತಿದ್ದಾರೆ, ಅವರಿಗೆ ಎಷ್ಟು ಕಾಲ ಕಾಯಲು ಆಗುತ್ತದೆ ಅಂತ ಕೇಳಿ. ಕೇಳಲು ಸಂಕೋಚ ಬೇಡ, ಜನ ಹೇಳಿಕೊಳ್ಳಲೆಂದೇ ಮೆಟ್ಟಿಲು ಹತ್ತಿ ಬಂದಿರುತ್ತಾರೆ.

ನಿವೃತ್ತಿಯಾದ ಮೇಲಿನ ಮೊದಲ ಧನುರ್ಮಾಸದಲ್ಲಿ ಒಂದು ಬೆಳಿಗ್ಗೆ ಭದ್ರಾವತಿಯ ಬಸ್ಸು ಹತ್ತಿದೆ. ಸರೋಜಮ್ಮನನ್ನು ನೋಡದೆ ಬಹಳ ವರ್ಷವಾಗಿತ್ತು. ದ್ವೀಪದಿಂದ ಬಂದ ಮರುವರ್ಷದ ಮಳೆಗಾಲದೊಳಗೇ ಕೊಳವೆ ಮುಚ್ಚಿಹೋಯಿತು ಅಂತ ಮುರುಗೇಶಣ್ಣ ಫೋನಿನಲ್ಲಿ ಹೇಳಿದ್ದರು. ಹೋಗಿ ಮುಖ ತೋರಿಸಲು ನನಗೆ ಧೈರ್ಯ ಬಂದಿರಲಿಲ್ಲ. ಮುಖ ತೋರಿಸುವುದು ಅನ್ನುವ ಮಾತೇ ತಪ್ಪು ಅಂತ ಬಸ್ಸಿನಲ್ಲಿ ಕೂತು ಹೊಳೆಯಿತು.

ಗೇಟು ತೆಗೆದಾಗ ಅವರು ಅಂಗಳದಲ್ಲಿ ಕೂತು ಕೋಲ ಹಾಕುತ್ತಿದ್ದರು. ಎಡಗೈ ಬೆರಳಿನಿಂದ ನೆಲ ಮುಟ್ಟಿ ಅಳತೆ ನೋಡಿಕೊಂಡು, ಬಲಗೈಯಿಂದ ಹಿಟ್ಟು ಬಿಡುತ್ತಿದ್ದರು. ಗೆರೆ ಒಂದೂ ಸೊಟ್ಟಗಿರಲಿಲ್ಲ. ನಾನು "ಸರೋಜಮ್ಮ" ಅಂದೊಡನೆ, "ದುರ್ಗಿಗುಡಿ ಅಕ್ಕ!" ಅಂತ ಎದ್ದು ನಿಂತರು. ಒಳಗಿದ್ದ ಮುರುಗೇಶಣ್ಣನಿಗೆ ಕೂಗಿ ಕಾಫಿಗಿಡಲು ಹೇಳಿದರು. ಕ್ಷಮಿಸಿ ಅನ್ನಲು ಬಾಯಿ ತೆರೆದೆ. ಅವರು ಬಿಡಲಿಲ್ಲ.

"ಅದಿರ್ಲಿ, ನೀವು ಹೋಗಿದ್ರಾ ಅಕ್ಕ ಐಲ್ಯಾಂಡಿಗೆ?"

"ಇಲ್ಲ" ಅಂದೆ.

"ಇಷ್ಟು ಜನಾನ ಕಳಿಸಿ ನೀವೇ ಹೋಗಿಲ್ವಾ? ಒಳ್ಳೆ ಕಥೆ. ಚಪ್ಪಲಿ ಬಿಡಿ, ಇಲ್ಲಿ ಬನ್ನಿ."

ನನ್ನನ್ನು ಅಂಗಳದ ನಡುವೆ, ಆಗಷ್ಟೇ ಹಾಕಿದ ಕೋಲದ ಪಕ್ಕ ನಿಲ್ಲಿಸಿದರು. ಹಿಂದಿನಿಂದ ನನ್ನ ಎರಡೂ ಭುಜ ಹಿಡಿದರು. ಹಿಟ್ಟು ಮೆತ್ತಿದ ಕೈ ತಣ್ಣಗಿತ್ತು. ಕಣ್ಣು ಮುಚ್ಚಿ ಅಂದರು. ಮುಚ್ಚಿದೆ.

"ಇದು ಬಿಸಿಲು ಬರೋ ಕಡೆ. ಇಲ್ಲಿ ನೀರು ತೆಳ್ಳಗೆ, ಕೆಳಗಿನ ಮರಳು ಕಾಣ್ಸುತ್ತೆ, ಮರಳಿನ ಮೇಲೆ ಬಿಸಿಲು ಬಲೆ ಹಾಸಿದಂಗೆ ಅಲ್ಲಾಡುತ್ತೆ." ನಿಧಾನಕ್ಕೆ ತಿರುಗಿಸಿದರು. "ಇಲ್ಲಿ ಗಿಳಿ ಹಸಿರು. ಒಂದು ಆಮೆ ತಲೆ ಎತ್ತಿ ನಮ್ಮನ್ನ ನೋಡಿ ಹೋಯ್ತು." ಮತ್ತೆ ತಿರುಗಿಸಿದರು. "ಇಲ್ಲಿ ದೂರದಲ್ಲಿ ಒಂದು ಬಿಳಿ ಗೆರೆ, ಅಲ್ಲಿ ಅಲೆ ಒಡೆಯೋದು. ಅದ್ರಾಚೆ ಶಾಯಿ ಚೆಲ್ಲಿದಂಥ ನೀಲಿ." ಇನ್ನೊಮ್ಮೆ ತಿರುಗಿಸಿದರು. "ಇಲ್ಲಿ ನಮ್ಮ ಹಡಗು. ಇಷ್ಟೇ ಇಷ್ಟು. ಅದ್ರ ಕೆಳಗೂ ನೀರೇ."

ರಸ್ತೆಯಲ್ಲಿ ಹಾಲಿನವನ ಸೈಕಲ್ಲು ಬೆಲ್ ಮಾಡುತ್ತ ಹೋಯಿತು. ಅದು ಎಲ್ಲೋ ಬಹಳ ದೂರದಲ್ಲಿ, ನೀರಿನಾಚೆ ಹೋದ ಹಾಗಿತ್ತು. ನನ್ನ ಮುಚ್ಚಿದ ರೆಪ್ಪೆಯ ಮೇಲೆ ಬಿಸಿಲು ಬಿದ್ದು ಒಳಗೆಲ್ಲ ಬೆಳಕಾಗಿತ್ತು.

"ಈಗ ಹೇಳಿ" ಅಂದರು ಸರೋಜಮ್ಮ. ಇನ್‌ಸ್ಪೆಕ್ಟರ ದನಿ ಮಾಡಿಕೊಂಡು ಕೇಳಿದರು: "ಆವೃತ ಅಂದ್ರೆ ಏನು?"

"ಸುತ್ತಲೂ" ಅಂದೆ.

"ಎಷ್ಟು ದಿಕ್ಕಿಗೆ?"

"ನಾಲ್ಕೂ ದಿಕ್ಕಿಗೆ."

ಭುಜ ಬಿಟ್ಟು, ಬೆನ್ನು ತಟ್ಟಿ, "ಹಂಗಾದ್ರೆ ಅರ್ಥ ಆಯ್ತು, ಕೂತ್ಕೊಳ್ಳಿ" ಅಂದರು.